ಗೋಡೆಗೆ ಬೂಷ್ಟು: ಹೊಣೆ ಓನರ್‌ದೋ, ಬಾಡಿಗೆದಾರರದೋ?

ಆರಿದ್ರಾ ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಗೋಡೆ ಥಂಡಿ, ಬೀರುವಿನ ಹಿಂದೆ ಬೂಷ್ಟು, ಬಟ್ಟೆಗೆ ಮುಗ್ಗಲು ವಾಸನೆ, ಕೊನೆಗೆ ಓನರ್ ಜೊತೆ ಮನಸ್ತಾಪ. ಈ ಸಲ ಅಂಥವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಟ್ಟಡದ ಪ್ರಶ್ನೆಗಳಿಗೆ ಸಿವಿಲ್ ಎಂಜಿನಿಯರ್, ಕರಾರಿನ ಪ್ರಶ್ನೆಗಳಿಗೆ ವಕೀಲರು ಉತ್ತರಿಸಿದ್ದಾರೆ. ಎರಡೂ ಬೆರೆತ ಕಡೆ ಇಬ್ಬರೂ ಕೂತು ಬರೆದಿದ್ದಾರೆ.

ಪ್ರಶ್ನೆ: ಮೊದಲ ಮಹಡಿಯ ಎರಡು ಬೆಡ್‌ರೂಮಿನ ಮನೆಯಲ್ಲಿ ಬಾಡಿಗೆಗಿದ್ದೇವೆ. ಪಶ್ಚಿಮದ ಗೋಡೆಗೆ ಒತ್ತಿ ಬೀರು ಇಟ್ಟಿದ್ದೆವು. ಜುಲೈನಲ್ಲಿ ಸರಿಸಿ ನೋಡಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಓನರ್ ಅಂಕಲ್, “ನೀವು ಒಳಗೇ ಬಟ್ಟೆ ಒಣಗಿಸ್ತೀರಿ, ಕಿಟಕಿ ತೆಗೆಯಲ್ಲ, ಅದಕ್ಕೇ ಹೀಗೆ. ಮಲೆನಾಡಲ್ಲಿ ಇದೆಲ್ಲ ಇದ್ದದ್ದೇ” ಅಂತಾರೆ. ಬಣ್ಣದ ಖರ್ಚು ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರಂತೆ. ಇದು ನಮ್ಮ ತಪ್ಪೇ?
*ಗೃಹಿಣಿ, ವಿನೋಬನಗರ, ಶಿವಮೊಗ್ಗ*

ಉತ್ತರ: ನೀರು ಎಲ್ಲಿಂದ ಬಂತೆಂದು ಗೊತ್ತಾಗುವ ತನಕ ತಪ್ಪು ನಿಮ್ಮದೆಂದು ಅವರಾಗಲಿ, ಅವರದೆಂದು ನೀವಾಗಲಿ ಹೇಳುವಂತಿಲ್ಲ. ಬೂಷ್ಟಿನ ಬೀಜಕಣ ಎಲ್ಲ ಮನೆಗಳ ಗಾಳಿಯಲ್ಲೂ ಇರುತ್ತದೆ. ಗೋಡೆ ದಿನಗಟ್ಟಲೆ ಒದ್ದೆಯಿದ್ದಾಗ, ಇಲ್ಲವೇ ಗೋಡೆಗೆ ತಾಗಿದ ಗಾಳಿಯ ತೇವಾಂಶ ಶೇ. 80ರ ಆಸುಪಾಸಿನಿಂದ ಕೆಳಗಿಳಿಯದಿದ್ದಾಗ ಅದು ಬೇರೂರುತ್ತದೆ. ನೀರು ಗೋಡೆಯ ಆಚೆಯಿಂದ ಬಂದಿದ್ದರೆ ಅದು ಕಟ್ಟಡದ ದೋಷ. ಒಳಗಿನ ಅಡುಗೆ, ಸ್ನಾನ, ಬಟ್ಟೆಯಿಂದ ಬಂದಿದ್ದರೆ ಬಳಕೆಯ ದೋಷ. ಎರಡೂ ಸೇರಿರುವುದೇ ಜಾಸ್ತಿ.

ಮೊದಲು ಕಲೆಯ ಆಕಾರ ನೋಡಿ. ನೆಲದಿಂದ ಮೇಲಕ್ಕೆ ಎರಡು ಮೂರು ಅಡಿವರೆಗೆ ಪಟ್ಟಿಯಂತೆ ಹತ್ತಿ, ಅಂಚಿನಲ್ಲಿ ಬಿಳಿ ಉಪ್ಪು ಬಿಟ್ಟಿದ್ದರೆ ಅದು ನೆಲದ ಪಸೆ. ಮಹಡಿ ಮನೆಗೆ ಅದು ಬರದು. ಕಿಟಕಿಯ ಮೂಲೆ, ಸಜ್ಜಾದ ಕೆಳಗೆ, ಗೋಡೆಯ ಬಿರುಕಿನುದ್ದಕ್ಕೆ ಕಂದು ಅಂಚಿನ ಮಚ್ಚೆಯಿದ್ದು, ಜೋರು ಮಳೆಯಾದ ಮಾರನೇ ದಿನ ಅದು ದೊಡ್ಡದಾದರೆ ಎರಚಲು ನೀರು ಒಳಗೆ ಬರುತ್ತಿದೆ. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ, ಏಪ್ರಿಲ್‌ನಲ್ಲೂ ಆರದ ಕಲೆಯಾದರೆ ಪೈಪು ಸೋರುತ್ತಿದೆ. ಅಂಚೇ ಇಲ್ಲದೆ ಚುಕ್ಕಿ ಚುಕ್ಕಿಯಾಗಿ ಮೂಲೆಗಳಲ್ಲಿ, ಬೀರುವಿನ ಹಿಂದೆ, ಪರದೆಯ ಮರೆಯಲ್ಲಿ ಮಾತ್ರ ಕಂಡರೆ ಅದು ಒಳಗಿನ ತೇವ.

ಅನುಮಾನ ಉಳಿದರೆ ಹೀಗೆ ಮಾಡಿ. ಗೋಡೆಯ ಆ ಭಾಗವನ್ನು ಒಣಬಟ್ಟೆಯಿಂದ ಒರೆಸಿ, ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಗಾಳಿಯಾಡದಂತೆ ಟೇಪ್ ಹಾಕಿ ಅಂಟಿಸಿ. 24ರಿಂದ 48 ಗಂಟೆ ಬಿಡಿ. ಹಾಳೆಯ ಗೋಡೆ ಬದಿಗೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿನದು. ಕೋಣೆಯ ಬದಿಗೆ ಕಟ್ಟಿದರೆ ಗಾಳಿಯದು. ಇದನ್ನು ಓನರ್ ಎದುರಿಗೇ ಅಂಟಿಸಿ, ಎದುರಿಗೇ ಬಿಚ್ಚಿ. ಅರ್ಧ ಜಗಳ ಅಲ್ಲಿಗೆ ಮುಗಿಯುತ್ತದೆ.

ನಿಮ್ಮದು ಪಶ್ಚಿಮದ ಗೋಡೆ ಎಂಬುದು ಮುಖ್ಯ. ಮುಂಗಾರು ಗಾಳಿ ನೈರುತ್ಯದಿಂದ ಬೀಸುವುದರಿಂದ ಮಳೆಯ ಹೊಡೆತವೆಲ್ಲ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ. ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಆ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಇದಕ್ಕೇ. ಈಗ ಜಾಗ ಉಳಿಸಲು ಹೊರಗೋಡೆಯನ್ನೂ ನಾಲ್ಕೂವರೆ ಇಂಚಿನಲ್ಲಿ ಎತ್ತುತ್ತಾರೆ, ಸಜ್ಜಾವನ್ನು ಒಂದಡಿಗೆ ನಿಲ್ಲಿಸುತ್ತಾರೆ, ಸಜ್ಜಾದ ತಳದಂಚಿನಲ್ಲಿ ನೀರು ತುಂಡಾಗಿ ಬೀಳಲು ಬೇಕಾದ ಗೀರು ಬಿಡುವುದೇ ಇಲ್ಲ. ನೀರು ತಳಕ್ಕಂಟಿ ಹರಿದು ಕಿಟಕಿ ಚೌಕಟ್ಟಿನ ಸಂದಿಗೆ ಇಳಿಯುತ್ತದೆ. ಇವು ಯಾವುವೂ ಬಾಡಿಗೆದಾರರು ಸರಿಮಾಡಬಹುದಾದವಲ್ಲ. “ಮಲೆನಾಡಲ್ಲಿ ಇದ್ದದ್ದೇ” ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾಗುತ್ತದೆ, ಶಿವಮೊಗ್ಗ ಪೇಟೆಗೆ ಬರುವುದು ಅದರ ಸಣ್ಣ ಪಾಲು. ಗೋಡೆಯ ಹೊರಮೈ ನೆನೆಯುವುದು ಸಹಜ, ಒಳಮೈ ನೆನೆಯುವುದು ಸಹಜವಲ್ಲ.

ಹಾಗೆಂದು ಓನರ್ ಹೇಳಿದ್ದರಲ್ಲಿ ಹುರುಳಿಲ್ಲವೆಂದಲ್ಲ. ಒಂದು ಮೆಷಿನ್ ಬಟ್ಟೆ ಒಳಗೆ ಒಣಗಿದರೆ ಸುಮಾರು ಎರಡು ಲೀಟರ್ ನೀರು ಕೋಣೆಯ ಗಾಳಿಗೆ ಸೇರುತ್ತದೆ. ಒಂದು ಕೆ.ಜಿ. ಅಡುಗೆ ಅನಿಲ ಉರಿದಾಗ ಒಂದೂವರೆ ಕೆ.ಜಿ.ಗೂ ಹೆಚ್ಚು ನೀರಾವಿ ಹುಟ್ಟುತ್ತದೆ, ಅಂದರೆ 14.2 ಕೆ.ಜಿ. ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಇಪ್ಪತ್ತು ಲೀಟರಿಗೂ ಮಿಕ್ಕಿ. ಜಡಿಮಳೆಯಲ್ಲಿ ಹೊರಗಿನ ಗಾಳಿಯೇ ಶೇ. 90ರ ತೇವದಲ್ಲಿರುವುದರಿಂದ ಕಿಟಕಿ ತೆರೆದಿಟ್ಟ ಮಾತ್ರಕ್ಕೆ ಕೋಣೆ ಒಣಗದು. ನೀರಾವಿಯನ್ನು ಹುಟ್ಟಿದಲ್ಲೇ ಹೊರಹಾಕಬೇಕು. ಅಡುಗೆಮನೆಗೆ 9 ಇಂಚಿನ, ಬಚ್ಚಲಿಗೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು. ಸ್ನಾನವಾದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಓಡಲಿ, ಬಚ್ಚಲ ಬಾಗಿಲಿನ ಕೆಳಗೆ ಅರ್ಧ ಇಂಚಾದರೂ ಸಂದಿಯಿರಲಿ. ಒಳಗೆ ಗಾಳಿ ಬರದಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ. ಬಟ್ಟೆಯನ್ನು ಒಂದೇ ಕೋಣೆಯಲ್ಲಿ ಹರವಿ, ಬಾಗಿಲು ಮುಚ್ಚಿ, ಕಿಟಕಿ ಸ್ವಲ್ಪ ತೆರೆದು ಫ್ಯಾನ್ ಹಾಕಿ. ಬೀರುವನ್ನು ಹೊರಗೋಡೆಯಿಂದ ಮೂರು ಇಂಚಾದರೂ ದೂರವಿಡಿ. ಒಳಗಿನ ಅಡ್ಡಗೋಡೆಗೆ ಇಟ್ಟರೆ ಇನ್ನೂ ಒಳ್ಳೆಯದು. ಆದರೆ ಮನೆಗೆ ವೆಂಟಿಲೇಟರೇ ಇಲ್ಲ, ಎಕ್ಸಾಸ್ಟ್‌ಗೆ ಗೋಡೆಯಲ್ಲಿ ಕಂಡಿ ಬಿಟ್ಟಿಲ್ಲ, ತಾರಸಿಗೆ ಬೀಗ ಹಾಕಿದ್ದಾರೆ ಎಂದಾದರೆ, ಒಳಗೆ ಬಟ್ಟೆ ಒಣಗಿಸಿದ್ದನ್ನು ನಿಮ್ಮ ತಪ್ಪೆನ್ನುವುದು ನ್ಯಾಯವಲ್ಲ.

ಇನ್ನು ಕಾನೂನು. ಕರ್ನಾಟಕ ಬಾಡಿಗೆ ಕಾಯ್ದೆ, 1999 ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇಂದಿನ ಹೆಚ್ಚಿನ ಮನೆಗಳಿಗೆ ಆಧಾರ ನಿಮ್ಮ ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ. ಅದರ ಪ್ರಕಾರ, ತನಗೆ ಗೊತ್ತಿದ್ದು ಬಾಡಿಗೆದಾರರ ಕಣ್ಣಿಗೆ ಬೀಳದ ದೊಡ್ಡ ದೋಷವನ್ನು ಮಾಲೀಕರು ಮೊದಲೇ ತಿಳಿಸಬೇಕು. ಬೇಸಿಗೆಯಲ್ಲಿ ಬಣ್ಣ ಬಳಿದು ಸೋರುವ ಗೋಡೆ ಮುಚ್ಚಿ ಬಾಡಿಗೆಗೆ ಕೊಡುವುದು ಇದಕ್ಕೆ ವಿರುದ್ಧ. ಮನೆ ಬಿಡುವಾಗ ಬಾಡಿಗೆದಾರರು ಸಹಜ ಸವೆತವನ್ನು ಬಿಟ್ಟು, ಪಡೆದ ಸ್ಥಿತಿಯಲ್ಲೇ ಮರಳಿಸಬೇಕು. ಅವರ ನಿರ್ಲಕ್ಷ್ಯದಿಂದಲೇ ಹಾಳಾಗಿದ್ದರೆ ಮಾಲೀಕರು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಸರಿಪಡಿಸಿಕೊಡಬೇಕು. ಹೊರಗಿನ ನೀರಿನಿಂದ ಬಂದ ಬೂಷ್ಟಿಗೆ ಅಡ್ವಾನ್ಸ್ ಮುರಿದುಕೊಳ್ಳಲು ಇದರಲ್ಲಿ ಆಸ್ಪದವಿಲ್ಲ.

ಒರೆಸುವ ಮುಂಚೆ ಫೋಟೊ ತೆಗೆಯಿರಿ: ಹತ್ತಿರದಿಂದ ಒಂದು, ಇಡೀ ಗೋಡೆ ಕಾಣುವಂತೆ ಒಂದು, ಅದೇ ಜಾಗದ ಹೊರಮೈಯದೊಂದು. ಅದೇ ದಿನ ಓನರ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿ, ಯಾವತ್ತಿನಿಂದ ಕಂಡಿದೆ, ಏನು ರಿಪೇರಿ ಬೇಕು ಎಂದು ಬರೆಯಿರಿ. ಎರಡು ವಾರದಲ್ಲಿ ಏನೂ ಆಗದಿದ್ದರೆ ಅದನ್ನೇ ಕಾಗದದಲ್ಲಿ ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ತಿಳಿಸದೆ ಒಂದು ಮಳೆಗಾಲ ಸುಮ್ಮನಿದ್ದು, ಮನೆ ಬಿಡುವಾಗ ಹೇಳಿದರೆ ನಿಮ್ಮ ಪಕ್ಷ ದುರ್ಬಲವಾಗುತ್ತದೆ.

ಪ್ರಶ್ನೆ: ರಿಪೇರಿ ಮಾಡಿಸುವ ತನಕ ಬಾಡಿಗೆ ನಿಲ್ಲಿಸಬಹುದೇ?
*ಓದುಗರೊಬ್ಬರು, ಭದ್ರಾವತಿ*

ಉತ್ತರ: ಬೇಡ. ಬಾಡಿಗೆ ನಿಲ್ಲಿಸಿದ ದಿನವೇ ಸುಸ್ತಿದಾರರು ನೀವಾಗುತ್ತೀರಿ. 108ನೇ ಕಲಮಿನಲ್ಲಿ ಬೇರೆ ದಾರಿಯಿದೆ: ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟು ಸಾಕಷ್ಟು ಸಮಯ ಕಳೆದರೂ ಮಾಡಿಸದಿದ್ದರೆ ನೀವೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ‘ಮಾಡಿಸಲೇಬೇಕಾದ’ ಎಂಬಲ್ಲಿ ಎಚ್ಚರ ಬೇಕು. ಯಾವ ರಿಪೇರಿ ಯಾರದೆಂದು ಕಾಯ್ದೆ ಪಟ್ಟಿ ಕೊಡುವುದಿಲ್ಲ. ಕರಾರು ಅಥವಾ ಊರಿನ ರೂಢಿ ಹೇಳಬೇಕು. ಹಾಗಾಗಿ ಇಬ್ಬರು ಮೇಸ್ತ್ರಿಗಳಿಂದ ಅಂದಾಜು ಪಟ್ಟಿ ಬರೆಸಿ, ಓನರ್‌ಗೆ ಕಳಿಸಿ, ಆಮೇಲೆ ಕೈಹಾಕಿ.

ಪ್ರಶ್ನೆ: ನಾನು ಮನೆ ಮಾಲೀಕ. ಜಂಬಿಟ್ಟಿಗೆ ಗೋಡೆಯ ಮನೆ. ನೆಲದಿಂದ ಮೂರಡಿವರೆಗೆ ಬಣ್ಣ ಉಬ್ಬಿ ಉದುರುತ್ತದೆ, ಅಲ್ಲೇ ಬೂಷ್ಟು. ದುಬಾರಿ ಡ್ಯಾಂಪ್‌ಪ್ರೂಫ್ ಪೇಂಟ್ ಹೊಡೆಸಿದರೂ ಪ್ರತಿ ಮಳೆಗಾಲ ಇದೇ ಕಥೆ. ಬಾಡಿಗೆದಾರರು ಬಿಟ್ಟು ಹೋಗುತ್ತಿದ್ದಾರೆ.
*ಸಾಗರ*

ಉತ್ತರ: ಒಳಬದಿಗೆ ಎಷ್ಟು ಬೆಲೆಯ ಪೇಂಟ್ ಹೊಡೆಸಿದರೂ ನೆಲದಿಂದ ಏರುವ ನೀರು ನಿಲ್ಲದು. ಗೋಡೆಯ ಸಣ್ಣ ರಂಧ್ರಗಳಲ್ಲಿ ಏರಿದ ನೀರು ಆರಿಹೋಗಲು ಮೈ ಹುಡುಕುತ್ತದೆ. ಪೇಂಟಿನ ಪೊರೆ ಅದಕ್ಕೆ ಅಡ್ಡವಾದಾಗ ಹಿಂದೆ ಉಪ್ಪು ಕಟ್ಟಿ ಪೊರೆಯನ್ನೇ ತಳ್ಳುತ್ತದೆ. ಅಲ್ಲಿ ಮುಚ್ಚಿದರೆ ಇನ್ನೊಂದಡಿ ಮೇಲೆ ಕಾಣಿಸಿಕೊಳ್ಳುತ್ತದೆ.

ಮೊದಲು ಹೊರಗೆ ಹೋಗಿ ನೋಡಿ. ಅಂಗಳಕ್ಕೆ ವರ್ಷ ವರ್ಷ ಮಣ್ಣು, ಆಮೇಲೆ ಕಾಂಕ್ರೀಟು ಹಾಕಿ ಹಾಕಿ ಎಷ್ಟೋ ಮನೆಗಳಲ್ಲಿ ಅಂಗಳ ಒಳನೆಲದ ಮಟ್ಟಕ್ಕೆ ಬಂದಿರುತ್ತದೆ. ಅದು ಒಳನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ಗಟಾರ್ ಶೀಟ್ ಕೂರಿಸಿ ದೂರ ಹರಿಸಿ. ಬುಡದ ಸುತ್ತ ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿಯನ್ನು ಹೊರಕ್ಕೆ ಇಳಿಜಾರಾಗಿ ಹಾಕಿ. ಗುಡ್ಡದ ಬದಿಗೆ ಮನೆಯಿದ್ದರೆ ಮೇಲಿನ ಬದಿಗೊಂದು ಚರಂಡಿ ತೆಗೆಸುವುದು ಇವೆಲ್ಲಕ್ಕಿಂತ ಮೊದಲ ಕೆಲಸ. ಇಷ್ಟರಲ್ಲೇ ಹಲವು ಮನೆಗಳ ಪಸೆ ಅರ್ಧಕ್ಕಿಳಿಯುತ್ತದೆ.

ತಳಪಾಯದ ಮೇಲೆ ನೆಲದ ಪಸೆ ತಡೆಯುವ ಡಿ.ಪಿ.ಸಿ. ಪದರವೇ ಇಲ್ಲದಿದ್ದರೆ, ನೆಲಮಟ್ಟದ ಸ್ವಲ್ಪ ಮೇಲೆ ನಾಲ್ಕೈದು ಇಂಚಿಗೊಂದರಂತೆ 12 ಮಿ.ಮೀ. ತೂತು ಕೊರೆದು ನೀರು ತಡೆಯುವ ಸಿಲೇನ್ ಕ್ರೀಮ್ ತುಂಬುತ್ತಾರೆ. ಇಟ್ಟಿಗೆ ಗೋಡೆಗೆ ಇದು ಚೆನ್ನಾಗಿ ಹಿಡಿಯುತ್ತದೆ. ಜಂಬಿಟ್ಟಿಗೆಯಲ್ಲಿ ಪೊಟರೆಗಳಿರುವುದರಿಂದ ಕಲ್ಲಿಗಿಂತ ಗಾರೆಯ ಸಾಲಿನಲ್ಲಿ ಕೊರೆಯುವುದು ಮೇಲು. ಪೂರ್ತಿ ನಿಲ್ಲುತ್ತದೆಂದು ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ಒಳಗೆ, ಕಲೆಯ ಅಂಚಿಗಿಂತ ಒಂದಡಿ ಮೇಲಿನವರೆಗೆ ಪ್ಲಾಸ್ಟರ್ ಕಿತ್ತು ಗೋಡೆಯನ್ನು ಬೆತ್ತಲೆ ಬಿಡಿ. ಗೋಡೆ ಒಣಗಲು ಇಂಚಿಗೊಂದು ತಿಂಗಳು ಎಂಬುದು ಹಳೆಯ ಲೆಕ್ಕ. ಒಂಬತ್ತು ಇಂಚಿನ ಗೋಡೆಗೆ ಅಷ್ಟು ಸಮಯ ಸಿಗದು, ಆದ್ದರಿಂದ ಡಿಸೆಂಬರ್‌ನಲ್ಲೇ ಕಿತ್ತು ಏಪ್ರಿಲ್ ಕೊನೆಗೆ ಗಾರೆ ಮಾಡಿಸಿ. ಮೇ ತಿಂಗಳಲ್ಲಿ ಶುರುಮಾಡಿದ ಕೆಲಸ ಹಸಿ ಗೋಡೆಯ ಮೇಲೆ ಹಸಿ ಗಾರೆಯಾಗಿ ಮುಗಿಯುತ್ತದೆ. ಸಿಮೆಂಟಿನ ಬದಲು ಸುಣ್ಣ ಒಂದು, ಮರಳು ಮೂರರ ಗಾರೆ, ಅದರ ಮೇಲೆ ಸುಣ್ಣದ ಬಳಿತ. ಸುಣ್ಣ ತೇವವನ್ನು ಹೊರಬಿಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಹತ್ತುವುದೂ ಕಷ್ಟ. ನೋಡಲು ಎಮಲ್ಷನ್‌ನಷ್ಟು ನುಣುಪಲ್ಲ, ಆದರೆ ಇಂಥ ಗೋಡೆಗೆ ಸರಿಯಾದದ್ದು ಅದೇ. ಬಾಡಿಗೆದಾರರು ಇರುವಾಗಲೇ ಕೆಲಸ ನಡೆದರೆ, ಕೋಣೆ ಬಳಕೆಗಿಲ್ಲದ ತಿಂಗಳುಗಳಿಗೆ ಬಾಡಿಗೆ ಕಡಿಮೆ ಮಾಡಿ.

ಪ್ರಶ್ನೆ: ಹಂಚಿನ ಮನೆ. ವರ್ಷಾ ವರ್ಷಾ ಹಂಚು ಕೈಯಾಡಿಸುವ ಖರ್ಚು ಯಾರದು?
*ತೀರ್ಥಹಳ್ಳಿ*

ಉತ್ತರ: ಕರಾರಿನಲ್ಲಿ ಬೇರೆ ಬರೆಯದಿದ್ದರೆ ಮಾಲೀಕರದು, ಮಾಡು ಕಟ್ಟಡದ ಭಾಗ. ಮೇ ತಿಂಗಳೊಳಗೆ ಮಾಡಿಸಿ ಎಂದು ಏಪ್ರಿಲ್‌ನಲ್ಲೇ ನೆನಪಿಸುವುದು ನಿಮ್ಮ ಕೆಲಸ. ಒಡೆದ ಹಂಚಿನ ಜೊತೆ ಅದನ್ನು ಹೊರುವ ಮರದ ರೀಪು, ಪಕಾಸುಗಳನ್ನೂ ನೋಡಿಸಿ. ರೀಪು ಕುಂಬಾಗಿದ್ದರೆ ಹೊಸ ಹಂಚೂ ಜಾರುತ್ತದೆ. ಮಾಡಿನ ಮೇಲೆ ಬಿದ್ದ ಎಲೆ, ಗಟಾರಿನ ಕಸ ತೆಗೆಯುವುದನ್ನು ವಾಸವಿರುವವರೇ ಮಾಡುವುದು ಒಳ್ಳೆಯದು.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೇನೆ. ನಮ್ಮ ಬಚ್ಚಲ ಸೀಲಿಂಗ್ ತೊಟ್ಟಿಕ್ಕುತ್ತದೆ, ಪಕ್ಕದ ಕೋಣೆಗೂ ಬೂಷ್ಟು ಹರಡಿದೆ. ಮೇಲಿನ ಫ್ಲ್ಯಾಟಿನ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಅಸೋಸಿಯೇಷನ್‌ನವರು “ನಿಮ್ಮ ನಿಮ್ಮಲ್ಲೇ ಬಗೆಹರಿಸಿಕೊಳ್ಳಿ” ಎನ್ನುತ್ತಾರೆ.
*ಗೋಪಾಳ, ಶಿವಮೊಗ್ಗ*

ಉತ್ತರ: ಹನಿ ಬೀಳುವಲ್ಲಿ ಲೈಟ್ ಪಾಯಿಂಟ್ ಇದ್ದರೆ ಮೊದಲು ಕರೆಂಟ್ ಬೋರ್ಡಿನಲ್ಲಿ ಆ ಲೈನಿನ ಸ್ವಿಚ್ (ಎಂ.ಸಿ.ಬಿ.) ಇಳಿಸಿ. ಸೀಲಿಂಗಿನ ಕಾಂಕ್ರೀಟ್ ಉಬ್ಬಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅದರ ಕೆಳಗೆ ನಿಲ್ಲಬೇಡಿ, ಅಂದೇ ಬರವಣಿಗೆಯಲ್ಲಿ ತಿಳಿಸಿ.

ಕಾರಣ ಪತ್ತೆಗೆ ಎರಡು ಹಂತ. ಮೇಲಿನವರು ಒಂದು ದಿನ ಆ ಬಚ್ಚಲನ್ನು ಬಳಸದೆ, ನೀರಿನ ವಾಲ್ವ್ ಮಾತ್ರ ತೆರೆದಿಡಲಿ. ಆಗಲೂ ತೊಟ್ಟಿಕ್ಕುವುದು ನಿಲ್ಲದಿದ್ದರೆ ಗೋಡೆಯೊಳಗಿನ ನೀರಿನ ಪೈಪು. ನಿಂತರೆ, ನೆಲದ ಜಾಲರಿಯನ್ನು ಮುಚ್ಚಿ ಒಂದಿಂಚು ನೀರು ಕಟ್ಟಿ, ತಿಂಡಿಗೆ ಹಾಕುವ ಬಣ್ಣ ಸ್ವಲ್ಪ ಬೆರೆಸಿ 24 ಗಂಟೆ ಬಿಡಿ. ಕೆಳಗೆ ಬಣ್ಣದ ನೀರು ಬಂದರೆ ನೆಲದ ವಾಟರ್‌ಪ್ರೂಫಿಂಗ್ ಕೆಟ್ಟಿದೆ. ಬಾರದೆ, ಜಾಲರಿ ತೆರೆದು ನೀರು ಹರಿಬಿಟ್ಟಾಗ ಮಾತ್ರ ಬಂದರೆ ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪ್ ಅಥವಾ ಅದರ ಪೈಪಿನ ಜೋಡಣೆ. ಟ್ರ್ಯಾಪಿನ ಸುತ್ತಲಿನ ಸಂದಿಯೇ ಬಹಳ ಕಡೆ ಕಳ್ಳ. ನೆಲವೇ ಕೆಟ್ಟಿದ್ದರೆ ಟೈಲ್ಸ್ ತೆಗೆದು, ಟ್ರ್ಯಾಪಿನ ಸುತ್ತ ಕುಗ್ಗದ ಗ್ರೌಟ್ ತುಂಬಿ, ಪಾಲಿಮರ್ ಬೆರೆಸಿದ ಸಿಮೆಂಟ್ ಲೇಪ ಎರಡು ಕೋಟ್ ಕೊಡಬೇಕು. ಲೇಪ ಗೋಡೆಗೂ ಒಂದಡಿ ಏರಬೇಕು, ಷವರ್ ಬದಿಗೆ ಆರಡಿ. ಮತ್ತೆ ಟೈಲ್ಸ್ ಹಾಕುವ ಮೊದಲು ಇನ್ನೊಮ್ಮೆ ನೀರು ಕಟ್ಟಿ ನೋಡದೆ ಮೇಸ್ತ್ರಿಗೆ ಹಣ ಚುಕ್ತಾ ಮಾಡಬಾರದು. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತಿಕ್ಕಿ ಮುಗಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತದೆ.

ಖರ್ಚು ಮೇಲಿನ ಮಾಲೀಕರದು. ಆದರೆ ನಿಮ್ಮ ಕರಾರಿರುವುದು ನಿಮ್ಮ ಓನರ್ ಜೊತೆ, ಬೆಂಗಳೂರಿನವರ ಬೆನ್ನು ಹತ್ತಬೇಕಾದವರು ಅವರು. ಅಸೋಸಿಯೇಷನ್ ಕೈತೊಳೆದುಕೊಳ್ಳುವುದು ಎಲ್ಲ ಸಂದರ್ಭಕ್ಕೂ ಸಲ್ಲದು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ ಕಂಬ, ತೊಲೆ, ಮುಖ್ಯ ಗೋಡೆ, ಛಾವಣಿ ಸಾಮಾನ್ಯವಾಗಿ ಎಲ್ಲರ ಸ್ವತ್ತು. ಸೋರಿಕೆ ತಾರಸಿಯಿಂದ, ಹೊರಗೋಡೆಯಿಂದ, ಎಲ್ಲ ಫ್ಲ್ಯಾಟುಗಳಿಗೆ ಸೇರಿದ ಡಕ್ಟ್ ಪೈಪಿನಿಂದ ಎಂದು ತಿಳಿದುಬಂದರೆ ರಿಪೇರಿ ಅವರದೇ.

ಪ್ರಶ್ನೆ: ಐದು ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಹಾಕಿಕೊಂಡಿದ್ದೇವೆ. ತಾರಸಿ ಸೋರಿ ಬೂಷ್ಟು ಹಿಡಿದಿದೆ. “ಬಾಡಿಗೆ ಇಲ್ಲದೆ ಇದ್ದೀರಲ್ಲ, ನೀವೇ ಮಾಡಿಸಿಕೊಳ್ಳಿ” ಎನ್ನುತ್ತಾರೆ.
*ಶಿಕಾರಿಪುರ*

ಉತ್ತರ: ಬಾಡಿಗೆ ಇಲ್ಲವೆನ್ನುವುದು ಸರಿಯಲ್ಲ, ನಿಮ್ಮ ಐದು ಲಕ್ಷದ ಬಡ್ಡಿಯೇ ಬಾಡಿಗೆ. ಆದರೆ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ಅದು ಲೀಸ್ ಕರಾರಾದರೆ 108ನೇ ಕಲಂ. ಕಳೆಯಲು ಬಾಡಿಗೆ ಇಲ್ಲದ್ದರಿಂದ ಖರ್ಚನ್ನು ಮುಂಚಿತ ಬರವಣಿಗೆಯ ಒಪ್ಪಿಗೆಯೊಂದಿಗೆ, ಅವಧಿ ಮುಗಿದಾಗ ಭೋಗ್ಯದ ಹಣದ ಜೊತೆ ವಾಪಸ್ ಪಡೆಯುವಂತೆ ಬರೆಸಿಕೊಳ್ಳಿ. ಅದು ಸ್ವಾಧೀನ ಸಹಿತ ಅಡಮಾನ ಪತ್ರವಾಗಿದ್ದರೆ ಲೆಕ್ಕ ತಿರುಗುತ್ತದೆ. ಅದೇ ಕಾಯ್ದೆಯ 76ನೇ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ಸ್ವತ್ತಿನ ಆದಾಯದ ಮಿತಿಯಲ್ಲಿ ಅಗತ್ಯ ರಿಪೇರಿಯನ್ನು ಸ್ವಾಧೀನದಲ್ಲಿರುವ ನೀವೇ ಮಾಡಿಸಬೇಕಾಗಬಹುದು. ಒಂದು ವರ್ಷ ಮೀರಿದ ಲೀಸ್ ಆಗಲಿ, ಅಡಮಾನವಾಗಲಿ ನೋಂದಣಿ ಆಗಿರಲೇಬೇಕು. ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದ್ದಷ್ಟೇ ಇದ್ದರೆ ಬೂಷ್ಟಿಗಿಂತ ಮೊದಲು ಆ ಕಾಗದ ಹಿಡಿದು ವಕೀಲರನ್ನು ಕಾಣಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಲೂ ಅವಕಾಶವಿದೆ.

ಪ್ರಶ್ನೆ: ಮನೆಯಲ್ಲಿ ಎಂಟು ತಿಂಗಳ ಮಗು. ಓನರ್ ಮಳೆ ಕಳೆದ ಮೇಲೆ ರಿಪೇರಿ ಅಂದಿದ್ದಾರೆ. ಅಲ್ಲಿಯವರೆಗೆ ಬೂಷ್ಟು ತೆಗೆಯುವುದು ಹೇಗೆ?
*ಹೊಸನಗರ*

ಉತ್ತರ: ಹೊರಗೋಡೆಯ ಕೆಲಸ ಮಳೆಯಲ್ಲಿ ಆಗದು, ಅದು ನಿಜ. ಆ ಬದಿಗೆ ತಾತ್ಕಾಲಿಕವಾಗಿ ಟಾರ್ಪಾಲು ಅಥವಾ ಶೀಟ್ ಕಟ್ಟಿಸಲು ಮಳೆ ಕಳೆಯಬೇಕಿಲ್ಲ, ಅದನ್ನು ಕೇಳಿ. ಮಗುವನ್ನು ಆ ಕೋಣೆಯಲ್ಲಿ ಮಲಗಿಸಬೇಡಿ. ಕೆಮ್ಮು, ಉಬ್ಬಸ ಕಂಡರೆ ವೈದ್ಯರಿಗೆ ಮನೆಯ ಸ್ಥಿತಿಯನ್ನೂ ಹೇಳಿ.

ಮೂರಡಿಗೆ ಮೂರಡಿ ಜಾಗದೊಳಗಿನ ಬೂಷ್ಟಾದರೆ ನೀವೇ ತೆಗೆಯಬಹುದು. ಮಗು, ಉಬ್ಬಸದವರು ಹೊರಗಿರಲಿ. ಎನ್-95 ಮಾಸ್ಕ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಸೀಲಿಂಗ್ ಫ್ಯಾನ್ ಆರಿಸಿ. ಒಣ ಪೊರಕೆ, ಒಣ ಬ್ರಷ್ ತಾಗಿಸಲೇಬೇಡಿ, ಬೀಜಕಣವೆಲ್ಲ ಮನೆ ತುಂಬ ಹಾರುತ್ತದೆ. ಲೀಟರ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಿಂಪಡಿಸಿ, ನೆನೆದ ಮೇಲೆ ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 50 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಚ್ಚಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬರಿ ನೀರಿನಿಂದ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಅಂದು ಆ ಕೋಣೆಯಲ್ಲಿ ಯಾರೂ ಮಲಗಬಾರದು. ಟಾಯ್ಲೆಟ್ ಆ್ಯಸಿಡ್, ವಿನೆಗರ್, ಅಮೋನಿಯಾ ಇರುವ ಕ್ಲೀನರ್ ಇದರ ಜೊತೆ ಬೆರೆತರೆ ವಿಷಗಾಳಿ ಏಳುತ್ತದೆ. ಸತ್ತ ಬೂಷ್ಟೂ ಅಲರ್ಜಿ ತರುವುದರಿಂದ ಕೊಲ್ಲುವುದಕ್ಕಿಂತ ಒರೆಸಿ ತೆಗೆಯುವುದೇ ಮುಖ್ಯ.

ಬೂಷ್ಟು ಹಿಡಿದ ಹತ್ತಿ ಹಾಸಿಗೆ, ದಿಂಬು, ಉಬ್ಬಿದ ಪ್ಲೈವುಡ್, ಜಿಪ್ಸಂ ಸೀಲಿಂಗ್ ಹಾಳೆ ತೊಳೆದರೆ ಸರಿಹೋಗವು. ಕರ್ಪೂರ, ನುಸಿಗುಳಿಗೆ ವಾಸನೆ ಮುಚ್ಚುತ್ತವೆ ಅಷ್ಟೆ.

ಪ್ರಶ್ನೆ: ಹೊಸ ಮನೆಗೆ ಕರಾರು ಬರೆಸುತ್ತಿದ್ದೇವೆ. ಬೂಷ್ಟಿನ ಬಗ್ಗೆ ಏನು ಸೇರಿಸಬೇಕು?
*ಯುವ ದಂಪತಿ, ಶಿವಮೊಗ್ಗ*

ಉತ್ತರ: ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ರಿಪೇರಿಗಳ ಪಟ್ಟಿಯಿದೆ. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು ಬದಲಾವಣೆ, ವೈರಿಂಗ್ ಮಾಲೀಕರಿಗೆ. ನಲ್ಲಿ ವಾಷರ್, ಚರಂಡಿ ಶುಚಿ, ಸ್ವಿಚ್ಚು, ಕಿಟಕಿ ಗಾಜು ಬಾಡಿಗೆದಾರರಿಗೆ. ಮಾದರಿ ಕಾಯ್ದೆ ತಾನಾಗಿ ಜಾರಿಗೆ ಬರುವುದಿಲ್ಲ, ಆದರೆ ಆ ಹಂಚಿಕೆಯನ್ನು ಕರಾರಿಗೆ ಇಳಿಸಿಕೊಂಡರೆ ಇಬ್ಬರಿಗೂ ಅನ್ವಯಿಸುತ್ತದೆ. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿಯಿರುವುದರಿಂದ, ಅದರ ಮೇಲೆ ಬೂಷ್ಟಿಗೆಂದು ಮತ್ತೊಮ್ಮೆ ಹಿಡಿಯದಂತೆ ಅದನ್ನೂ ಬರೆಸಿ. ಈ ಒಕ್ಕಣೆ ಬಳಸಬಹುದು:

“ತಾರಸಿ, ಹೊರಗೋಡೆ, ನೆಲ, ಗೋಡೆಯೊಳಗಿನ ಪೈಪುಗಳಿಂದ ಬರುವ ತೇವ, ಸೋರಿಕೆ ಮತ್ತು ಅದರಿಂದಾಗುವ ಬೂಷ್ಟನ್ನು, ಬಾಡಿಗೆದಾರರು ಬರವಣಿಗೆಯಲ್ಲಿ ತಿಳಿಸಿದ 15 ದಿನಗಳೊಳಗೆ ಮಾಲೀಕರು ಪರಿಶೀಲಿಸಿ ಸ್ವಂತ ಖರ್ಚಿನಲ್ಲಿ ಸರಿಪಡಿಸತಕ್ಕದ್ದು. ಮಳೆಯಿಂದಾಗಿ ಕೆಲಸ ಸಾಧ್ಯವಿಲ್ಲದಿದ್ದರೆ ತಾತ್ಕಾಲಿಕ ತಡೆ ಒದಗಿಸಿ, ನವೆಂಬರ್ ಕೊನೆಯೊಳಗೆ ಪೂರ್ಣ ರಿಪೇರಿ ಶುರು ಮಾಡತಕ್ಕದ್ದು. ಬಾಡಿಗೆದಾರರು ಎಕ್ಸಾಸ್ಟ್ ಫ್ಯಾನ್ ಬಳಸಿ, ಗಾಳಿಯಾಡುವಂತೆ ನೋಡಿಕೊಂಡು, ತೇವ ಕಂಡ 7 ದಿನಗಳೊಳಗೆ ಫೋಟೊ ಸಹಿತ ತಿಳಿಸತಕ್ಕದ್ದು. ಬಿಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆಯ ಹೊರತು, ಹೀಗೆ ತಿಳಿಸಿದ ತೇವ ಮತ್ತು ಬೂಷ್ಟಿಗಾಗಿ ಅಡ್ವಾನ್ಸ್‌ನಿಂದ ಏನನ್ನೂ ಕಳೆಯತಕ್ಕದ್ದಲ್ಲ.”

ಇದರ ಜೊತೆಗೆ, ಮನೆಗೆ ಸೇರುವ ದಿನ ಪ್ರತಿ ಕೋಣೆಯ ನಾಲ್ಕೂ ಗೋಡೆ, ಸೀಲಿಂಗು, ಬಚ್ಚಲಿನ ಮೂಲೆಗಳ ಫೋಟೊ ತೆಗೆದು, ಪ್ರಿಂಟ್ ಹಾಕಿಸಿ, ಇಬ್ಬರೂ ಸಹಿ ಮಾಡಿ ಕರಾರಿಗೆ ಲಗತ್ತಿಸಿ.